ವೇಳೆಗೆ ಮುಗಿದ ಕುಂಚಿಗೆ

ನಿಧಾನವಾಗಿ ಕೆಲಸ ಮಾಡುವವರನ್ನು ಜನ ಅಚ್ಚುಕಟ್ಟಿನವರೆಂದು ಹೊಗಳುವುದುಂಟು. ನನ್ನನ್ನು ಯಾರೂ ಹಾಗೆ ಹೊಗಳಿಲ್ಲ. ನಾನು ನಿಧಾನವೂ ಹೌದು, ನನ್ನ ಕೆಲಸ ಒರಟೂ ಹೌದು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯೇ ಹೆಸರಿಡಬೇಕು, ತಲೆಯಿಂದ ಬೆನ್ನಿನವರೆಗೆ ಇಳಿಯುವ ಕುಂಚಿಗೆಯನ್ನೂ ಅವಳೇ ತೊಡಿಸಬೇಕು. ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಉಲ್ಲನ್ನಿನಲ್ಲಿ ನಾನೇ ಹೆಣೆಯುತ್ತೇನೆಂದು ತಮ್ಮ ಬಾಳುವಿನ ಮದುವೆಯಲ್ಲಿ ಹತ್ತು ಮಂದಿಯ ಮುಂದೆ ಬಡಾಯಿ ಕೊಚ್ಚಿದ್ದೆ. ಅವನ ಮೊದಲ ಮಗಳ ಕುಂಚಿಗೆ ಮುಗಿಯುವಷ್ಟರಲ್ಲಿ ಅವಳು ಅಂಗನವಾಡಿಗೆ ಹೋಗುತ್ತಿದ್ದಳು. ಆ ಚಳಿಗಾಲ ಅದನ್ನು ನಮ್ಮ ಆಡಿನ ಮರಿ ತೊಟ್ಟುಕೊಂಡಿತು, ಬೇಸಿಗೆಗೆ ತಿಂದೂ ಹಾಕಿತು. ಎರಡನೆಯವನದು ಅರ್ಧಕ್ಕೇ ನಿಂತು, ಬಿಸಿ ಪಾತ್ರೆ ಇಳಿಸುವ ಅರಿವೆಯಾಯಿತು.

ಮೂರನೆಯದು ಹೆಣ್ಣು ಕೂಸು. ಅದು ಹುಟ್ಟಿದಾಗ ಅವ್ವ ಎದೆಬೇನೆಯಿಂದ ಹಾಸಿಗೆ ಹಿಡಿದಿದ್ದಳು. ನನ್ನನ್ನು ಹತ್ತಿರ ಕರೆದು, "ಇದೊಂದರ ವ್ಯಾಳ್ಯಾಕ್ಕ ಮುಗಸ ಬೇ. ನೀ ಹೆಣದ ಕುಂಚಗಿ ಕೂಸಿನ ತಲಿ ಮ್ಯಾಲ ಒಮ್ಮಿ ನೋಡ್ತೀನಿ" ಎಂದಳು. ಹದಿಮೂರನೆಯ ದಿನ ತೊಟ್ಟಿಲು. ನನ್ನ ವೇಗದಲ್ಲಿ ಅಷ್ಟು ದಿನಕ್ಕೆ ಕೂಸಿನ ಒಂದು ಕಿವಿ ಮುಚ್ಚಬಹುದಿತ್ತು.

ನೆರೆಮನೆಯ ಶಾಲನ್ ವೈನಿಯ ಬಳಿ ಓಡಿದೆ. ನಿಪ್ಪಾಣಿ ಕಡೆಯಿಂದ ಬಂದ ಸೊಸೆ. ಕಾಯಿಪಲ್ಲೆಯವಳ ಜೊತೆ ಮರಾಠಿಯಲ್ಲಿ ಜಗಳಾಡುತ್ತ, ನಮ್ಮ ಜೊತೆ ಕನ್ನಡದಲ್ಲಿ ನಗುತ್ತ, ಸೂಜಿಯ ಕಡೆ ಕಣ್ಣೂ ಹಾಯಿಸದೆ ಹೆಣೆಯುವಾಕೆ. "ಅಕ್ಕಾ, ಸಾಲಿಗೊಮ್ಮಿ ಎಣಿಸಿ ಬಿಚ್ಚತೀರಲ್ರಿ! ಎಣಿಸೂದ ಬಿಡ್ರಿ. ದಾರ ಎಡಗೈ ಬೆರಳಿಗೆ ಸುತಗೊಂಡು ಸೂಜಿ ತುದೀಲೆ ಎಳಕೋರಿ, ಆತು" ಎಂದಳು. ಕಬ್ಬೂರಿನಿಂದ ಚಿಕ್ಕೋಡಿಯ ಕಚೇರಿಗೆ ಹೋಗುವ ಬಸ್ಸಿನಲ್ಲೂ ಹೆಣೆದೆ, ಬರುವ ಬಸ್ಸಿನಲ್ಲೂ ಹೆಣೆದೆ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬಂದು ಬಸ್ಸು ನಿಂತರೆ ಉಳಿದವರು ಬೈಯುತ್ತಿದ್ದರು, ನಾನು ಎರಡು ಸಾಲು ಮುಗಿಸುತ್ತಿದ್ದೆ. ವೇಗವೇನೋ ಬಂತು. ಆದರೂ ಒಂಬತ್ತನೆಯ ದಿನಕ್ಕೆ ಕುಂಚಿಗೆ ಕುತ್ತಿಗೆಯವರೆಗಷ್ಟೇ ಇಳಿದಿತ್ತು. ದೇವರ ಜಗಲಿಯ ಮುಂದೆ ನಿಂತು, "ಏನರ ಮಾಡಿ ತೊಟ್ಟಿಲಾ ಹದಿನೈದ ದಿನ ಮುಂದಕ್ಕ ಹಾಕಪಾ" ಎಂದು ಬೇಡಿಕೊಂಡೆ. ಮುಹೂರ್ತ ಸಿಗದಿರಲಿ, ಬಾಳುವಿಗೆ ರಜೆ ಸಿಗದಿರಲಿ, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಮರುದಿನ ಬೆಳಿಗ್ಗೆ ಅವ್ವ ಹೋದಳು. ಸೂತಕದ ಮನೆಯಲ್ಲಿ ತೊಟ್ಟಿಲು ಕಟ್ಟುವಂತಿಲ್ಲ. ಹಿರಿಯರು ಕೂತು ಹದಿನೈದು ದಿನ ಮುಂದಕ್ಕೆ ಹಾಕಿದರು. ನನ್ನ ಯಾವ ಬೇಡಿಕೆಗೂ ಓಗೊಡದ ದೇವರು ಇದೊಂದಕ್ಕೆ ಇಷ್ಟು ಅವಸರ ಮಾಡಬೇಕಾಗಿರಲಿಲ್ಲ. ಯಾರಿಗೂ ಹೇಳಲಿಲ್ಲ. ಅಳುತ್ತಲೇ ಹೆಣೆದೆ.

ಎರಡು ದಿನ ಮೊದಲೇ ಕುಂಚಿಗೆ ಮುಗಿಯಿತು. ಶಾಲನ್ ವೈನಿ ತಿರುಗಿಸಿ ಮುರುಗಿಸಿ ನೋಡಿ, "ಛಂದ ಆಗೇತ್ರಿ ಅಕ್ಕಾ, ಒಂದ ಕುಣಿಕಿ ತಪ್ಪಿಲ್ಲ" ಎಂದಳು. ಜನ್ಮದಲ್ಲಿ ಮೊದಲ ಸಲ ವೇಳೆಗೆ ಸರಿಯಾಗಿ ಕೆಲಸ ಮುಗಿಸಿದ್ದೆ, ನನಗೆ ನಾಚಿಕೆಯಾಯಿತು.

ಕೂಸಿಗೆ ಕುಂಚಿಗೆ ತೊಡಿಸಿ, ಕಿವಿಯಲ್ಲಿ ಅವ್ವನ ಹೆಸರನ್ನೇ ಹೇಳಿ, ತೊಟ್ಟಿಲ ಮುಂದೆ ಬಗ್ಗಿದೆ. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ಪದ್ಧತಿ. ಹಿಂದಿನ ಎರಡು ಸಲವೂ ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಅವ್ವ, "ಕುಂಚಗಿ ಎಲ್ಲೈತಿ ಬೇ?" ಎನ್ನುತ್ತ. ಈ ಸಲ ನನ್ನ ಮುಖ ನೋಡಿ ಎಲ್ಲರೂ ಮೆಲ್ಲಗೆ ಮುಟ್ಟಿ ಸರಿದರು. ನಾನು ಇನ್ನೊಂದು ಗುದ್ದಿಗೆ ಕಾಯುತ್ತ ಬಗ್ಗಿಯೇ ಇದ್ದೆ.

"ಏಳ ಅಕ್ಕಾ, ಎಲ್ಲಾರದೂ ಆತು" ಎಂದ ಬಾಳು.

ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮೊದಲೇ ಹೇಳಿದೆನಲ್ಲ, ನಾನು ನಿಧಾನ.