ಕಪ್ಪೆ ಕೊಟ್ಟು ಮೊಸಳೆ ತಂದದ್ದು

ಕೆಲವರ ಮನೆಗೆ ನೆಂಟರು ಹೇಳದೆ ಕೇಳದೆ ಬರುತ್ತಾರೆ. ನಮ್ಮ ಮನೆಗೆ ನಗೆಪಾಟಲು ಹಾಗೆ ಬರುತ್ತಿತ್ತು. ಅದರಲ್ಲೂ ನಮ್ಮನೆಯವರಿಗೆ ಕಾರಿನ ಹುಚ್ಚು ಹತ್ತಿದ ಆ ನಾಲ್ಕೈದು ವರ್ಷ, ಒಂದಕ್ಕೆ ನಕ್ಕು ಮುಗಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ನನ್ನ ತವರು ಸೊರಬದ ಹತ್ತಿರ ಕುಪ್ಪಗಡ್ಡೆ. ಕೊಟ್ಟಿದ್ದು ಶಿಕಾರಿಪುರಕ್ಕೆ, ಅಕ್ಕಿ ಗಿರಣಿಯವರ ಮನೆಗೆ. ಅತ್ತೆ, ಭಾವ, ಓರಗಿತ್ತಿ ಅಕ್ಕ, ಮೈದುನರು, ಮಕ್ಕಳುಮರಿ ಎಲ್ಲ ಸೇರಿ ಊಟಕ್ಕೆ ಎರಡು ಪಂಕ್ತಿ ಆಗುವಷ್ಟು ಜನ. ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮನೆಯವರು ಗಿರಣಿಗೆ ಮೋಟರು ತರುತ್ತೇನೆಂದು ಮುಂಬಯಿಗೆ ಹೋದರು. ಮೋಟರು ಲಾರಿಯಲ್ಲಿ ಬಂತು. ಇವರು ಒಂದು ಕೆಂಪು ಕಾರಿನಲ್ಲಿ ಬಂದರು.

ಎರಡೇ ಸೀಟು

ಅದು ಜಪಾನಿನ ಹಳೇ ಸ್ಪೋರ್ಟ್ಸ್ ಕಾರು. ಯಾವನೋ ಹಡಗಿನ ಅಧಿಕಾರಿ ತರಿಸಿ, ಓಡಿಸಿ, ಬೇಸರವಾಗಿ ಮಾರಿದ್ದಂತೆ. ಮೊಣಕಾಲಿಗಿಂತ ಸ್ವಲ್ಪ ಎತ್ತರ, ಅಷ್ಟೇ. ದೀಪಗಳು ಮೂತಿಯೊಳಗೆ ಅಡಗಿರುತ್ತಿದ್ದವು. ಸ್ವಿಚ್ಚು ಒತ್ತಿದರೆ ಎರಡೂ ಮೇಲಕ್ಕೆದ್ದು ಕಣ್ಣು ಬಿಡುತ್ತಿದ್ದವು. ಮನೆಯ ಮಕ್ಕಳು ಅದಕ್ಕೆ ಅವತ್ತೇ ಕಪ್ಪೆ ಅಂತ ಹೆಸರಿಟ್ಟರು. ಅದರ ಜಪಾನಿ ಹೆಸರು ಶಿಕಾರಿಪುರದಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ.

ನಮ್ಮತ್ತೆ ಹಿಡಿಯಷ್ಟು ಹೆಂಗಸು, ಧ್ವನಿ ಮಾತ್ರ ಪೇಟೆಗೆ ಕೇಳುವಂಥದು. ಕಾರಿನ ಸುತ್ತ ಮೂರು ಸುತ್ತು ಹಾಕಿ, "ಹಿಂದಿನ ಬಾಗಿಲು ಎಲ್ಲೈತಪ?" ಅಂದರು.

"ಹಿಂದೆ ಸೀಟೇ ಇಲ್ಲವ್ವ. ಇಬ್ಬರಿಗೆ ಮಾಡಿದ ಗಾಡಿ."

"ಮತ್ತ ಉಳಿದವ್ರು ಎಲ್ಲಿ ಕುಂದ್ರಬೇಕು?"

"ಉಳಿದವ್ರು ಮನ್ಯಾಗ ಕುಂದ್ರಬೇಕು."

ಅತ್ತೆ ಹಣೆ ಚಚ್ಚಿಕೊಂಡರು. ನಾನು ಒಳಗೆ ಹೋಗಿ ನಕ್ಕೆ. ಮದುವೆಯಾಗಿ ಐದಾರು ವರ್ಷವಾಗಿತ್ತು. ತವರಿಗೆ ಹೋಗುವುದೆಂದರೆ ಗಿರಣಿಯ ಜೀಪು, ಅದರಲ್ಲಿ ಅತ್ತೆ, ಅಕ್ಕ, ನಾಲ್ಕು ಮಕ್ಕಳು, ದಾರಿಯಲ್ಲಿ ಇಳಿಯುವ ಯಾರೋ ಇಬ್ಬರು. ಗಂಡನ ಬೆನ್ನು ನೋಡಿಕೊಂಡು ಹೋಗಿ, ಬೆನ್ನು ನೋಡಿಕೊಂಡು ಬರುತ್ತಿದ್ದೆ. ಈಗ ದೇವರೇ ಎರಡು ಸೀಟಿನ ಕಾರು ಕಳಿಸಿದ್ದ.

ಮುಂದಿನ ಭಾನುವಾರವೇ ನಾವಿಬ್ಬರೇ ಕುಪ್ಪಗಡ್ಡೆಗೆ ಹೊರಟೆವು. ಹೊಸ ಸೀರೆ ಉಟ್ಟಿದ್ದೆ. ಆದರೆ ಇಬ್ಬರೇ ಕೂತು ಅಭ್ಯಾಸವೇ ಇಲ್ಲವಲ್ಲ, ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಶಿರಾಳಕೊಪ್ಪ ದಾಟಿತು. ಇವರು ಒಂದೆರಡು ಸಲ ಕೆಮ್ಮಿದರು. ನಾನು ಬಳೆ ಸರಿಮಾಡಿಕೊಂಡೆ. ಸೊರಬ ಕಾಣಿಸುವ ಹೊತ್ತಿಗೆ ಇವರು ಧೈರ್ಯ ಮಾಡಿ ನನ್ನ ಕಡೆ ತಿರುಗಿ, ಬಹಳ ಮೆತ್ತಗಿನ ದನಿಯಲ್ಲಿ ಹೇಳಿದರು:

"ಈ ಸಲ ನುಚ್ಚಕ್ಕಿ ರೇಟು ಪೂರಾ ಬಿದ್ದೈತಿ ನೋಡು."

"ಹೌದೇನ್ರೀ," ಅಂದೆ ನಾನೂ ಅಷ್ಟೇ ಮೆತ್ತಗೆ. ನಮ್ಮ ಹನಿಮೂನು ಅದೇ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ

ಒಂದು ಮಳೆಗಾಲ ಕಳೆಯುವುದರೊಳಗೆ ಕಪ್ಪೆಯ ಎಡಗಣ್ಣಿನ ಮೋಟರು ಕೆಟ್ಟಿತು. ಸ್ವಿಚ್ಚು ಒತ್ತಿದರೆ ಬಲಗಣ್ಣು ಮಾತ್ರ ಏಳುತ್ತಿತ್ತು, ಅದೂ ಒಮ್ಮೆ ಎದ್ದು, ಮುಚ್ಚಿ, ಮತ್ತೆ ಎದ್ದು. ಜಪಾನಿನ ಸಾಮಾನು ಶಿಕಾರಿಪುರದಲ್ಲಿ ಎಲ್ಲಿ ಸಿಗಬೇಕು? ಇವರು ಹಾಗೇ ಓಡಿಸಿಕೊಂಡಿದ್ದರು.

ಒಂದು ಸಂಜೆ ಇವರೊಬ್ಬರೇ ಕುಪ್ಪಗಡ್ಡೆಯಿಂದ ವಾಪಸು ಬರುವಾಗ, ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತಿದ್ದ ಹೆಂಗಸೊಬ್ಬರು ನಮ್ಮ ಚಿಕ್ಕಮ್ಮನ ಹಾಗೆ ಕಂಡರಂತೆ. ಹೌದೋ ಅಲ್ಲವೋ ಎಂದು ಬೆಳಕು ಬಿಟ್ಟು ನೋಡಿದ್ದಾರೆ. ಕಪ್ಪೆ ಬಲಗಣ್ಣು ಹೊಡೆಯಿತು. ಅವರು ಮುಖ ತಿರುಗಿಸಿದರು. ಕಾಣಲಿಲ್ಲವೇನೋ ಎಂದು ಇವರು ಮತ್ತೊಮ್ಮೆ ಒತ್ತಿದರು. ಮತ್ತೊಮ್ಮೆ ಹೊಡೆಯಿತು. ಬಸ್ಸಿಗೆ ಕಾದಿದ್ದವರೆಲ್ಲ ಕಾರನ್ನೊಮ್ಮೆ, ಆ ಹೆಂಗಸನ್ನೊಮ್ಮೆ ನೋಡತೊಡಗಿದರು. ಅವರು ಕೊಡೆ ಮಡಚಿ ಅದನ್ನೇ ಎತ್ತಿಕೊಂಡು ಕಾರಿನ ಕಡೆ ಬರುವುದು ಕಂಡದ್ದೇ, ಇವರು ಗಾಡಿ ತಿರುಗಿಸಿ ಒಂದೇ ಉಸಿರಿಗೆ ಊರು ಸೇರಿದರು.

ಅವರು ಚಿಕ್ಕಮ್ಮನೇ. ಮರುದಿನ ಫೋನು ಬಂತು.

"ಎಂತ ಮಾರಾಯ್ತಿ ನಿನ್ನ ಗಂಡ! ಅವನೇ ಕಣ್ಣು ಹೊಡೆದಿದ್ರೆ ಹೋಗ್ಲಿ, ಏನೋ ವಯಸ್ಸು ಅಂದ್ಕೋತಿದ್ದೆ. ಗಾಡಿ ಕೈಲಿ ಹೊಡಿಸ್ತಾನಲ್ಲೇ!"

ದೋಸೆ ಹಿಟ್ಟು

ಕಪ್ಪೆಯ ಇಂಜಿನ್ನು ಮುಂದಿರಲಿಲ್ಲ, ಸೀಟಿನ ಬೆನ್ನಿಗೇ ಇತ್ತು. ಅದರ ಹಿಂದೆ ಸಾಮಾನು ಇಡುವ ಡಿಕ್ಕಿ. ಇಂಜಿನ್ನಿನ ಕಾವಿಗೆ ಡಿಕ್ಕಿ ಯಾವಾಗಲೂ ಬೆಚ್ಚಗೆ. ಇದನ್ನು ಕಂಡುಹಿಡಿದವರು ಅತ್ತೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲವಲ್ಲ, ರಾತ್ರಿ ಪಾತ್ರೆಯನ್ನು ಸದ್ದಿಲ್ಲದೆ ಡಿಕ್ಕಿಯಲ್ಲಿಟ್ಟು, ಬೆಳಿಗ್ಗೆ ಸದ್ದಿಲ್ಲದೆ ತೆಗೆಯುತ್ತಿದ್ದರು. ದೋಸೆ ಹೂವಿನ ಹಾಗೆ ಬರುತ್ತಿತ್ತು. ಇವರೂ ಹೊಗಳಿಕೊಂಡು ತಿನ್ನುತ್ತಿದ್ದರು.

ಅಷ್ಟರಲ್ಲಿ ಇವರಿಗೆ ಹೊಸ ಹುಚ್ಚು. ಮದ್ರಾಸಿನ ಹೊರಗೆ ಕಾರಿನ ರೇಸ್ ಟ್ರ್ಯಾಕು ಇದೆ, ನಾನೂ ಅಲ್ಲಿ ಓಡಿಸಬೇಕು ಅಂತ. ಅಭ್ಯಾಸಕ್ಕೆ ಗಿರಣಿಯ ಹಿಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟಿನ ಕಣವಿತ್ತು. ಅಲ್ಲಲ್ಲಿ ತೌಡಿನ ಚೀಲ ಇಟ್ಟು, ಅವುಗಳ ಸುತ್ತ ಕಾರು ತಿರುಗಿಸುವುದು. ಒಂದು ದಿನ ಆಳುಗಳು ಬರುವ ಮುಂಚೆ ಅಭ್ಯಾಸ ಮುಗಿಸೋಣವೆಂದು ಅತ್ತೆ ಏಳುವ ಮೊದಲೇ ಕಾರು ತೆಗೆದುಕೊಂಡು ಹೋದರು.

ಅರ್ಧ ಗಂಟೆ ಚೀಲಗಳ ಸುತ್ತ ಗಿರಗಿರ ತಿರುಗಿದ ಮೇಲೆ ಕಾರಿನಿಂದ ಸುಟ್ಟ ವಾಸನೆ ಬಂತಂತೆ. ವಾಸನೆಯೂ ಎಂಥದು, ಹಸಿವಾಗುವಂಥದು. ಗಾಬರಿಯಾಗಿ ಗ್ಯಾರೇಜಿನ ಮೇಸ್ತ್ರಿಗೆ ಹೇಳಿ ಕಳಿಸಿದರು. ಮೇಸ್ತ್ರಿ ಕಾರಿನ ಕೆಳಗೆ ತೂರಿದ. ಡಿಕ್ಕಿಯಲ್ಲಿ ಚೆಲ್ಲಿದ ಹಿಟ್ಟು ಸಂದಿಯಿಂದ ಇಳಿದು, ಕಾದ ಸೈಲೆನ್ಸರಿನ ಮೇಲೆ ಹರಡಿತ್ತು. ಕೆಳಗಿನಿಂದ ಅವನ ದನಿ:

"ಸಾವ್ಕಾರ್ರೆ, ಒಂದು ಕಡೆ ಚೆನ್ನಾಗಿ ಬೆಂದೈತ್ರೀ. ತಿರುವಿ ಹಾಕ್ಲೇನ್ರೀ?"

ನಮ್ಮವರು ಯಾರು

ಮದ್ರಾಸಿಗೆ ಹೋಗಿಯೇ ಹೋದೆವು. ಎರಡೇ ಸೀಟು ನೋಡಿ, ನಾವಿಬ್ಬರೇ. ದಾರಿಯುದ್ದಕ್ಕೂ ಈಗ ಮಾತು ಬರುತ್ತಿತ್ತು. ಹಾಡೂ ಬಂತು, ಇವರಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆ ದಾರಿಯಲ್ಲಿ.

ಟ್ರ್ಯಾಕಿನಲ್ಲಿ ಮಾತ್ರ ಕಪ್ಪೆ ಕೈಕೊಟ್ಟಿತು. ಭಾರವೆಲ್ಲ ಹಿಂದೆಯೇ ಇದ್ದದ್ದಕ್ಕೋ, ಇವರ ಅವಸರಕ್ಕೋ, ಜೋರಾಗಿ ತಿರುವು ತೆಗೆದುಕೊಂಡಾಗಲೆಲ್ಲ ಕಾರಿನ ಹಿಂಭಾಗ ಜಾರಿ ಮುಂದೆ ಬರುತ್ತಿತ್ತು. ಬುಗುರಿಯ ಹಾಗೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಲ್ಲುತ್ತಿತ್ತು. ನಾನು ನೋಡುವವರ ಮೆಟ್ಟಿಲ ಮೇಲೆ ಕೂತು ಸೆರಗು ಕಚ್ಚಿಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ಬೆಂಗಳೂರಿನ ಹೆಂಗಸೊಬ್ಬರು, ಅವರ ಮಗನೂ ಓಡಿಸುತ್ತಿದ್ದ.

"ನಿಮ್ಮವರು ಯಾರು ಇದರಲ್ಲಿ?" ಎಂದು ಕೇಳಿದರು.

"ಎಲ್ಲರೂ ಆ ಕಡೆ ಹೋಗ್ತಿದಾರಲ್ರೀ," ಅಂದೆ. "ಒಬ್ಬರು ಮಾತ್ರ ಈ ಕಡೆ ನೋಡ್ತಾ ಕೂತಿದಾರಲ್ಲ, ಅವರೇ ನಮ್ಮವರು."

ಹಿಂದಿನ ಸೀಟು

ಅಲ್ಲೇ ಒಬ್ಬರ ಹತ್ತಿರ ಇನ್ನೊಂದು ಹಳೇ ಜಪಾನ್ ಕಾರಿತ್ತು. ಸಾಸಿವೆ ಬಣ್ಣ, ಉದ್ದನೆಯ ಮೂತಿ, ಇಂಜಿನ್ನು ಮುಂದೆ. ಅವರಿಗೆ ಕಪ್ಪೆಯ ಮೇಲೆ ಕಣ್ಣು, ಇವರಿಗೆ ಅದರ ಮೇಲೆ. ಅದಲುಬದಲು ಮಾಡಿಕೊಳ್ಳೋಣ ಅಂತ ಮಾತಾಯಿತು. ಊರಿಗೆ ಬಂದದ್ದೇ ಇವರು ಎಲ್ಲರನ್ನೂ ಕೂರಿಸಿಕೊಂಡು ವರ್ಣಿಸಿದರು. ಕೊನೆಗೆ ಸಿಹಿಸುದ್ದಿಯ ಹಾಗೆ, "ಅದ್ರಾಗ ಹಿಂದೆ ಸೀಟೂ ಐತಿ!" ಅಂದರು.

ಮನೆಯೆಲ್ಲ ಹಬ್ಬ. ಅತ್ತೆಯಂತೂ, "ಬಳ್ಳಿಗಾವಿ ಗುಡಿಗೆ ಹೋಗಾಣು, ಸೊರಬಕ್ಕ ಹೋಗಾಣು, ಮದ್ರಾಸಿಗೂ ಬರ್ತೀನಿ, ಸಮುದ್ರ ನೋಡಿಲ್ಲ ನಾನು," ಎಂದು ಅಲ್ಲೇ ಹೊರಟು ನಿಂತರು. ನನ್ನ ಮುಖ ಮಾತ್ರ ಇಳಿಯಿತು. ಹೊಸ ಕಾರಿನ ಬಣ್ಣ ಚೆನ್ನಾಗಿಲ್ಲ ಅಂದೆ. ಮೂತಿ ಮೊಸಳೆಯ ಹಾಗಿದೆಯಲ್ಲ ಅಂದೆ. ಅದರಿಂದ ಆದದ್ದು ಇಷ್ಟೇ, ಮಕ್ಕಳು ಅದಕ್ಕೆ ಮೊಸಳೆ ಅಂತ ಹೆಸರಿಟ್ಟರು.

ಕಪ್ಪೆಯನ್ನು ಕೊಡುವ ಮುಂಚೆ ಕೊನೆಯ ಸಲ ಕುಪ್ಪಗಡ್ಡೆಗೆ ಹೋದೆವು. ದಾರಿಯಲ್ಲಿ ಇವರೇ ಕೇಳಿದರು, "ನಿಂಗ್ಯಾಕ ಇಷ್ಟು ಬೇಜಾರು? ಇದು ಟ್ರ್ಯಾಕಿನಾಗ ತಿರುಗಿ ನಿಲ್ತೈತಿ, ನೀನೇ ನೋಡಿದ್ಯಲ್ಲ."

"ಅದರಲ್ಲಿ ಹಿಂದೆ ಸೀಟಿದೆ," ಅಂದೆ.

"ಒಳ್ಳೇದಲ್ಲೇನು?"

"ಏನು ಒಳ್ಳೇದು? ಸೀಟಿದ್ರೆ ಜನ ಕೂರ್ತಾರೆ." ಅಷ್ಟು ಹೇಳಿ ಕಿಟಕಿಯ ಆಚೆ ನೋಡಿದೆ.

ಸುಮಾರು ದೂರ ಹೋದ ಮೇಲೆ ಇವರಿಗೆ ಹೊಳೆಯಿತು. ನಗು ಉಕ್ಕಿ ಬಂದು, ಕುಪ್ಪಗಡ್ಡೆಗೆ ತಿರುಗುವ ದಾರಿಯನ್ನೇ ಬಿಟ್ಟು ಮುಂದೆ ಹೋದರು. "ನೀ ಸುಮ್ನಿರು," ಅಂದರು, "ನಾ ಒಂದು ಉಪಾಯ ಮಾಡ್ತೀನಿ."

ಮೊಸಳೆ ಬಂದ ಮರುದಿನವೇ ಮೇಸ್ತ್ರಿಯನ್ನು ಕರೆಸಿ ಹಿಂದಿನ ಸೀಟು ಬಿಚ್ಚಿಸಿದರು. "ರೇಸಿನ ಗಾಡಿ ಹಗುರ ಇರಬೇಕವ್ವ, ಎಲ್ಲಾರೂ ಹಿಂಗೇ ಮಾಡ್ತಾರ," ಎಂದು ಅತ್ತೆಗೆ ಹೇಳಿದರು. ಅದು ಸುಳ್ಳೂ ಅಲ್ಲ. ಅತ್ತೆ ಬಗ್ಗಿ, ಸೀಟಿಲ್ಲದೆ ಬಯಲಾದ ಜಾಗವನ್ನು ಬಹಳ ಹೊತ್ತು ನೋಡಿದರು. ನನಗೆ ಪಾಪ ಅನ್ನಿಸಿತು. ಅವರು ಸರಸರ ಒಳಗೆ ಹೋದರು. ಒಂದು ಚಾಪೆ, ಒಂದು ಕೌದಿ, ಒಂದು ತಲೆದಿಂಬು ತಂದು ಆ ಜಾಗದಲ್ಲಿ ಅಚ್ಚುಕಟ್ಟಾಗಿ ಹಾಸಿದರು.

"ಒಳ್ಳೇದಾತು ಬಿಡಪ," ಅಂದರು ಮಗನಿಗೆ. "ಕಾಲು ಚಾಚಾಕ ಜಾಗ ಆತು."

ಮದ್ರಾಸಿನ ರಸ್ತೆ

ಹೀಗೆ ಮರುವರ್ಷ ಮದ್ರಾಸಿಗೆ ಮೂವರು ಹೋದೆವು. ಮುಂದೆ ನಾವಿಬ್ಬರು, ಹಿಂದೆ ಕೌದಿಯ ಮೇಲೆ ಅತ್ತೆ. ಹಾಡಿಲ್ಲ, ಗೀಡಿಲ್ಲ. ನುಚ್ಚಕ್ಕಿಯ ರೇಟಿನ ಬಗ್ಗೆ ಅತ್ತೆಯೇ ಮಾತಾಡಿದರು. ಸಮುದ್ರ ತೋರಿಸಿದೆವು. "ಇಷ್ಟು ನೀರೈತಿ, ಒಂದು ಗದ್ದೆ ಇಲ್ಲ," ಎಂದು ಬೇಸರಪಟ್ಟರು.

ರೇಸಿನ ದಿನ ಬೆಳಿಗ್ಗೆ ಕಾರಿನ ತಪಾಸಣೆಯಾಯಿತು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕಾರು ಬೇವಿನ ಮರದ ನೆರಳಿನಲ್ಲಿತ್ತು. ನಾನು ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಅತ್ತೆ ಇವರ ಹತ್ತಿರ ಇದ್ದಾರೆ ಅಂದುಕೊಂಡೆ; ಇವರು, ಅವ್ವ ನನ್ನ ಹತ್ತಿರ ಇದ್ದಾರೆ ಅಂದುಕೊಂಡರು. ಅಷ್ಟರಲ್ಲಿ ಮೈಕಿನಲ್ಲಿ ಇವರ ನಂಬರು ಕೂಗಿದರು. ಈ ಸಲದ್ದು ಒಬ್ಬೊಬ್ಬರನ್ನೇ ಓಡಿಸಿ ಗಡಿಯಾರ ಹಿಡಿದು ನೋಡುವ ಸ್ಪರ್ಧೆ; ತಡವಾದರೆ ಅವಕಾಶವಿಲ್ಲ. ಇವರು ಓಡಿಬಂದು, ಹೆಲ್ಮೆಟ್ಟು ಹಾಕಿ, ಕೂತು, ಹೊರಟೇಬಿಟ್ಟರು.

ಮೊದಲ ಸುತ್ತು ಚಿನ್ನದಂತೆ ಹೋಯಿತು. ಕಾರು ಎಲ್ಲೂ ಜಾರಲಿಲ್ಲ. ಎರಡನೆಯ ಸುತ್ತಿನಲ್ಲಿ ದೊಡ್ಡ ತಿರುವಿಗೆ ಬಂದಾಗ ಇವರ ಕಿವಿಯ ಹಿಂದೆಯೇ ದನಿ:

"ನಿಧಾನಪ, ನನ್ನ ದಿಂಬು ಜಾರಿತು."

ಜೀವ ಬಾಯಿಗೆ ಬಂತಂತೆ. "ಅವ್ವಾ! ನೀ ಯಾವಾಗ ಹತ್ತಿದಿ?"

"ನಾ ಎಲ್ಲಿ ಇಳಿದೀನಿ? ಉಂಡು ಮಲಗಿದ್ದೆ. ಊರಿಗೆ ಹೊಂಟ್ವೇನು?"

"ಮಲಕ್ಕೊಳವ್ವ! ಕೈ ಮುಗೀತೀನಿ, ಮಲಕ್ಕೊ!"

ಅತ್ತೆ ಮಲಗುವವರೇ? ಎದ್ದು ಕೂತು, ಇವರ ಸೀಟಿನ ಬೆನ್ನು ಹಿಡಿದು ಹೊರಗೆ ನೋಡತೊಡಗಿದರು. ಮೆಟ್ಟಿಲ ಮೇಲೆ ಕೂತಿದ್ದ ನನಗೆ ಮೊಸಳೆಯ ಕಿಟಕಿಯಲ್ಲಿ ಸೆರಗು ಹೊದ್ದ ಬೆಳ್ಳಿ ಕೂದಲು ಕಂಡಿತು. ಕೈಯಲ್ಲಿದ್ದ ಡಬ್ಬಿ ಮೆಟ್ಟಿಲುದ್ದಕ್ಕೂ ಉರುಳಿಕೊಂಡು ಹೋಯಿತು.

ಒಳಗೆ ಅತ್ತೆ, "ಅಲ್ಲಪ, ಆ ನೀರಿನ ಟ್ಯಾಂಕು ಆಗಲೇ ಹೋಗಿತ್ತಲ್ಲ, ಮತ್ತ ಯಾಕ ಬಂತು? ದಾರಿ ತಪ್ಪಿದಿ ನೀನು."

"ತಪ್ಪಿಲ್ಲವ್ವ!"

"ತಪ್ಪಿದಿ. ನಿಮ್ಮಪ್ಪನೂ ಹಿಂಗೇ, ಯಾರನ್ನೂ ಕೇಳ್ತಿರಲಿಲ್ಲ. ಅಗೋ, ಅಲ್ಲೊಬ್ಬ ಬಾವುಟ ಬೀಸಿ ಕರೀತಾನ. ನಿಲ್ಸು, ಅವನ್ನ ಕೇಳಾಣು."

ಬಾವುಟ ಬೀಸುತ್ತಿದ್ದವನು ಕಾರಿನಲ್ಲಿ ಇನ್ನೊಬ್ಬರಿದ್ದಾರೆಂದು ಕಂಡೇ ಬೀಸುತ್ತಿದ್ದ. ಇವರು ನಿಲ್ಲಿಸಿದರು. ಅಧಿಕಾರಿಯೊಬ್ಬರು ಕೆಂಪು ಮುಖ ಮಾಡಿಕೊಂಡು ಓಡಿಬಂದು ಇಂಗ್ಲಿಷಿನಲ್ಲಿ ಬೈಯತೊಡಗಿದರು. ಇವರು ತಲೆ ತಗ್ಗಿಸಿ ನಿಂತರು. ಅತ್ತೆ ಕೌದಿ ಸುತ್ತಿಕೊಂಡು ಕೆಳಗಿಳಿದು, ಮಗನ ಮುಂದೆ ನಿಂತು ಹೇಳಿದರು:

"ಬೈಬ್ಯಾಡ್ರಿ ಪಾಪ, ಊರಿಗೆ ಹೊಸಬ, ದಾರಿ ಗೊತ್ತಿಲ್ಲ. ಶಿಕಾರಿಪುರದ ರಸ್ತೆ ಯಾವುದು ಹೇಳಿಬಿಡ್ರಿ, ನಾವು ಹೊಂಟ್ ಹೋಗ್ತೀವಿ."

ಆ ಮನುಷ್ಯನಿಗೆ ಕನ್ನಡ ಎಷ್ಟು ತಿಳಿಯಿತೋ, ನಗು ತಡೆಯಲಾರದೆ ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡರು. ಓಟವೇನೋ ರದ್ದಾಯಿತು. ಆದರೆ ಆ ಮೊದಲ ಸುತ್ತೇ ಇವರ ಜನ್ಮದಲ್ಲಿ ಅತ್ಯಂತ ವೇಗದ್ದು. ಕಾರಿನ ಹಿಂಭಾಗ ಅಷ್ಟು ಚೆನ್ನಾಗಿ ನೆಲ ಹಿಡಿಯಲು ಏನು ಮಾಡಿದಿರಿ ಎಂದು ಇಬ್ಬರು ಬಂದು ಕೇಳಿಕೊಂಡು ಹೋದರು. ಇವರು ಹೇಳಲಿಲ್ಲ.

ವಾಪಸು ಬಂದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಜಗಲಿಯ ಮೇಲೆ ಸೇರಿ, ಮದ್ರಾಸು ಹೇಗಿತ್ತು ಅಂತ ಅತ್ತೆಯನ್ನು ಕೇಳಿದರು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ರಸ್ತೆ ಏನು ಹೇಳ್ಲಿ, ಕನ್ನಡಿ ಕನ್ನಡಿ ಇದ್ದಂಗ ಅದಾವು. ಒಂದು ಗುಂಡಿ ಇಲ್ಲ. ಆದ್ರ ಏನು ಮಾಡ್ತಿ, ಎಲ್ಲಿಗೂ ಹೋಗಂಗಿಲ್ಲವ್ವ. ಎಷ್ಟು ಜೋರು ಹೋದ್ರೂ ಹೊಂಟಲ್ಲಿಗೇ ಬಂದು ನಿಲ್ತಾವು."