ತೊಂಬತ್ತೊಂಬತ್ತಕ್ಕೆ ಹೆದರುವ ಮಾಮಾ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಹೆಂಡತಿಗೆ. ನನ್ನ ಸೋದರಮಾವ ಹೆದರುವುದು ಒಂದು ಅಂಕಿಗೆ. ತೊಂಬತ್ತೊಂಬತ್ತಕ್ಕೆ!

ನಗಬೇಡಿ. ಚಪ್ಪಲಿ ಅಂಗಡಿಯಲ್ಲಿ ತೊಂಬತ್ತೊಂಬತ್ತು ರೂಪಾಯಿ ಎಂದು ಚೀಟಿ ಹಚ್ಚಿದ್ದರೆ ಆತ ಆ ಚಪ್ಪಲಿಯನ್ನು ಮುಟ್ಟುವುದಿಲ್ಲ. "ನೂರು ಅಂತ ಬರೀರಿ, ಆಮ್ಯಾಲ ಬರ್ತೇನಿ" ಎಂದು ಅಂಗಡಿಯವನಿಗೆ ಹೇಳಿ, ಹರಿದ ಚಪ್ಪಲಿಯನ್ನೇ ಎಳೆದುಕೊಂಡು ಮನೆಗೆ ಬಂದದ್ದುಂಟು. ಕಾರಣ ಕೇಳಿದರೆ ನಮ್ಮನ್ನು ಕನಿಕರದಿಂದ ನೋಡುತ್ತಾನೆ. "ಡಿವಿಡಿ ಬರ್ನ್ ಮಾಡುವಾಗ ತೊಂಬತ್ತೊಂಬತ್ತಕ್ಕ ಬಂದು ನಿಂತದ್ದು ನೀವ್ ಯಾವಾಗರೆ ನೋಡೀರೇನು?"

ನಾವು ನೋಡಿಲ್ಲ. ಮಾಮಾ ನೋಡಿದ್ದಾನೆ. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಬಿಲ್ಲೆಯ ಮೇಲೆ ಇಳಿಸುವುದಕ್ಕೆ ಬರ್ನ್ ಮಾಡುವುದು ಎನ್ನುತ್ತಾರೆ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಸೊನ್ನೆಯಿಂದ ನೂರಕ್ಕೆ ತೆವಳುತ್ತದೆ. ನೂರು ಮುಟ್ಟಿದರೆ ಅದು ಸಿನಿಮಾ. ತೊಂಬತ್ತೊಂಬತ್ತಕ್ಕೆ ನಿಂತರೆ ಅದು ಚಹಾ ಕಪ್ಪಿನ ತಟ್ಟೆ. ಮಾಮಾನ ಮನೆಯಲ್ಲಿ ಯಾರಿಗೆ ಚಹಾ ಕೊಟ್ಟರೂ ಕೆಳಗೊಂದು ಡಿವಿಡಿ ಇರುತ್ತದೆ. ಮನೆಯಲ್ಲಿ ಹಿಡಿಸದಷ್ಟಾದಾಗ ಆತ ಅವನ್ನು ರೈತರಿಗೆ ಹಂಚುತ್ತಾನೆ. ಗೋರ್ಟಾದ ಕಡೆ ಹೋದರೆ ನೋಡಿ, ಯಾರದೋ ಜೋಳದ ಹೊಲದಲ್ಲಿ ದಾರಕ್ಕೆ ತೂಗಿಕೊಂಡು, ಬಿಸಿಲಿಗೆ ಫಳಫಳ ಹೊಳೆದು ಹಕ್ಕಿ ಓಡಿಸುತ್ತಿರುವುದು ನಮ್ಮ ಅಕ್ಕನ ಮದುವೆ!

ಮಾಮಾ ಇರುವುದು ಬಸವಕಲ್ಯಾಣದಲ್ಲಿ. ಒಂದು ಕಾಲಕ್ಕೆ ಆ ಸೀಮೆಯಲ್ಲಿ ಆತನ ಕ್ಯಾಮೆರಾ ಬಾರದೆ ಯಾರ ತಲೆಯ ಮೇಲೂ ಅಕ್ಕಿಕಾಳು ಬೀಳುತ್ತಿರಲಿಲ್ಲ. ಈಗ ಮದುವೆಗೆ ಬಂದವರೆಲ್ಲರ ಕೈಯಲ್ಲೂ ಮೊಬೈಲು. ಹಾಗಾಗಿ ಮಾಮಾ ಹಳೆಯ ಕ್ಯಾಸೆಟ್ಟುಗಳನ್ನು ಡಿವಿಡಿ ಮಾಡಿಕೊಡುವ ಕೆಲಸ ಹಿಡಿದ. ಕೆಲಸ ಆತನನ್ನು ಹಿಡಿಯಿತು ಎಂದರೂ ಆದೀತು.

ಹೋದ ವರ್ಷ ನಮ್ಮ ಅವ್ವ ತೀರಿಕೊಂಡಳು. ನಗುವ ಮಾತಿನ ನಡುವೆ ಇದನ್ನು ಹೇಳಬಾರದಿತ್ತೇನೋ. ಆದರೆ ಹೇಳದೆ ಮಾಮಾನ ಕಥೆ ಮುಂದೆ ಹೋಗುವುದಿಲ್ಲ. ಅವ್ವ ಮಾಮಾನ ಅಕ್ಕ. ಆಕೆ ಕಾಯಿಲೆ ಬಿದ್ದಾಗ ಆರೈಕೆಗೆಂದು ಹುಮನಾಬಾದಿನ ನಮ್ಮ ಮನೆಗೆ ಬಂದ ಆಯಿ, ಅಂದರೆ ಅವ್ವನ ತಾಯಿ, ಆಮೇಲೆಯೂ ನಮ್ಮಲ್ಲೇ ಉಳಿದಳು. ಆಯಿಯ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಹೋದ ನೋಟ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಇದ್ದಷ್ಟು ನೋಟದಲ್ಲಿ ಆಯಿಗೆ ಆಗಬೇಕಾದದ್ದು ಒಂದೇ. ಮಗಳು ಓಡಾಡುವುದನ್ನು ಇನ್ನೊಮ್ಮೆ ನೋಡಬೇಕು. ಅವ್ವ ಓಡಾಡುವುದು ಈಗ ಒಂದೇ ಕಡೆ ಉಳಿದಿದೆ. ನಮ್ಮ ಅಕ್ಕನ ಮದುವೆಯಲ್ಲಿ ಮಾಮಾನೇ ತೆಗೆದ ಕ್ಯಾಸೆಟ್ಟಿನಲ್ಲಿ.

ಮೊದಲು ಮಾಮಾ ಅದನ್ನು ತನ್ನ ಮನೆಯ ವಿಸಿಆರ್‌ನಲ್ಲಿ ಹಾಕಿ, ಟಿವಿಯ ಮುಂದೆ ಮೊಬೈಲು ಹಿಡಿದು, ನನಗೆ ಕಳಿಸಿದ. ಆಯಿಗೆ ತೋರಿಸಿದೆ. ಆಯಿ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಹುಡುಕಿದಳು.

"ಹೆಸರಕಾಳಿನಷ್ಟು ಅದಾಳಲ್ಲ! ನಾ ಹಡದಾಗ ಇದಕ್ಕಿಂತ ದೊಡ್ಡಾಕಿ ಇದ್ಲು."

ಆಯಿಯನ್ನು ಬಸವಕಲ್ಯಾಣದ ಬಸ್ಸು ಹತ್ತಿಸೋಣವೆಂದರೆ ಆಕೆಗೆ ಮೊಣಕಾಲು ನೋವು. ವಿಸಿಆರ್‌ ಅನ್ನೇ ಬಸ್ಸು ಹತ್ತಿಸೋಣವೆಂದರೆ ಅದರದೂ ಮೊಣಕಾಲು ಹೋಗಿದೆ ಎಂದು ಮಾಮಾನ ಅಭಿಪ್ರಾಯ. "ಪೆನ್‌ಡ್ರೈವ್‌ನಾಗ ಹಾಕಿ ಕೊಡು ಮಾಮಾ, ಟಿವಿಗೆ ಚುಚ್ಚಿದ್ರ ಆತು" ಎಂದೆ. ಮಾಮಾನಿಗೆ ಸಿಟ್ಟೇ ಬಂತು.

"ಪೆನ್‌ಡ್ರೈವ್ ಅಂದ್ರ ಬಾಡಗಿ ಮನಿ. ಇವತ್ತ ಒಬ್ಬರಿರ್ತಾರ, ನಾಳೆ ಅವರನ್ನ ಅಳಿಸಿ ಮತ್ತೊಬ್ಬರು ಬರ್ತಾರ. ನಮ್ಮಕ್ಕಗ ಸ್ವಂತ ಮನಿ ಬೇಕು!"

ಅಲ್ಲದೆ ಆಯಿಗೆ ಒತ್ತಲು ಬರುವುದು ನಮ್ಮ ಡಿವಿಡಿ ಪ್ಲೇಯರಿನ ಒಂದೇ ಒಂದು ಗುಂಡಿ. ಅದನ್ನು ಒತ್ತಿದರೆ ಮಗಳು ಬರಬೇಕು. ಇಷ್ಟೇ ಕೆಲಸ. ಇಷ್ಟಕ್ಕೆ ಮಾಮಾ ಸೊಂಟ ಕಟ್ಟಿ ನಿಂತ.

ಬರ್ನ್ ಆಗುವಾಗ ಮಾಮಾನ ಮನೆಯಲ್ಲಿ ಯಾರೂ ನಡೆಯುವಂತಿಲ್ಲ, ನೆಲ ಅದುರುತ್ತದೆ. ಫ್ಯಾನು ಹಾಕುವಂತಿಲ್ಲ, ಗಾಳಿಗೆ ಬಿಲ್ಲೆ ಹಾರುತ್ತದೆ. ಕಂಪ್ಯೂಟರಿಗೆ ದೃಷ್ಟಿ ತಾಗದಂತೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಒಮ್ಮೆ ನಾನು ಹೋದಾಗ ಅತ್ತೆ ಕೈಯಲ್ಲಿ ಬಟ್ಟೆ ಹಿಡಿದು ಕುಕ್ಕರಿನ ಮುಂದೆ ಕಾವಲು ಕೂತಿದ್ದಳು, ಸೀಟಿ ಹೊಡೆಯುವ ಮೊದಲೇ ಇಳಿಸಬೇಕೆಂದು.

"ಏನ್ರೀ, ನಿಮ್ಮ ಮಷೀನೇನು ಬಾಣಂತಿ ಆಗೇದೇನು? ಸೀಟಿ ಕೇಳಿದ್ರ ಬೆಚ್ಚಿ ಬೀಳ್ತದ?"

"ಬಾಣಂತಿಗಿಂತ ನಾಜೂಕ ಅದ. ಸುಮ್ಮ ಕುಂದ್ರು, ಎಂಬತ್ತಾರಕ್ಕ ಬಂದದ."

"ನನ್ನ ಬ್ಯಾಳಿ ಎಷ್ಟಕ್ಕ ಬಂದದಂತ ಯಾರೂ ಕೇಳಾಂಗಿಲ್ಲ!"

ಬೇಳೆ ಅರೆಬೆಂದಿದ್ದಾಗಲೇ ಅತ್ತೆ ಒಗ್ಗರಣೆ ಹಾಕಿದಳು. ಹಸಿರು ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂತು. ನಾವೆಲ್ಲ ಉಸಿರು ಹಿಡಿದೆವು. ಆಗ ಮನೆಯೇ ಅದುರುವಂತೆ ಸೀನಿದ್ದು ಯಾರು? ಸ್ವತಃ ಮಾಮಾ! ಪಟ್ಟಿ ಅಲ್ಲೇ ನಿಂತಿತು. ಅಪರಾಧ ಮಾತ್ರ ಒಗ್ಗರಣೆಯ ಮೆಣಸಿನಕಾಯಿಯದಾಯಿತು.

ಅಂತೂ ಒಂದು ಬಿಲ್ಲೆ ನೂರು ಮುಟ್ಟಿತು. ಅದನ್ನು ಹುಮನಾಬಾದಿಗೆ ತರುವಾಗ ಮಾಮಾ ಬಸ್ಸಿನಲ್ಲಿ ಕೂಡಲಿಲ್ಲವಂತೆ. ಸೀಟಿನ ಮೇಲೆ ಕೂತರೆ ರಸ್ತೆಯ ಗುಂಡಿಗಳಿಗೆ ಬಿಲ್ಲೆ ಕುಲುಕುತ್ತದೆ, ಒಳಗಿನ ಚಿತ್ರ ಒಂದು ಕಡೆ ಜರಿಯುತ್ತದೆ ಎಂದು ಆತನ ನಂಬಿಕೆ. ಎರಡೂ ಅಂಗೈಯ ಮೇಲೆ ಅದನ್ನು ಇಟ್ಟುಕೊಂಡು, ತುಂಬಿದ ಹಾಲಿನ ಪಾತ್ರೆ ಹಿಡಿದವನಂತೆ ನಿಂತೇ ಬಂದ.

"ಅದೇನ್ರಿ ಕಾಕಾ, ಅಷ್ಟು ಜ್ವಾಕಿ?" ಎಂದು ಕಂಡಕ್ಟರು ಕೇಳಿದ್ದಾನೆ.

"ನಮ್ಮಕ್ಕ ಅದಾಳಪಾ ಇದರಾಗ."

"ಹಂಗಾರ ಆಕೀದು ಪುಕ್ಕಟ ರೀ. ಆಧಾರ್ ಕಾರ್ಡ್ ಅಷ್ಟ ತೋರಸ್ರಿ."

ನಮ್ಮ ಪ್ಲೇಯರು ಆ ಬಿಲ್ಲೆಯನ್ನು ಬಾಯೊಳಗೆ ಎಳೆದುಕೊಂಡಿತು, ಗರಗರ ಅಗಿಯಿತು, ಉಗುಳಿತು. ಕಂಪ್ಯೂಟರಿಗೆ ತಿಳಿಯುವಂತೆ ಬರೆದದ್ದು ಪ್ಲೇಯರಿಗೆ ತಿಳಿಯುವುದಿಲ್ಲವಂತೆ, ಅದಕ್ಕೆ ಬೇರೆ ರೀತಿ ಬರೆಯಬೇಕಂತೆ. ಇದು ಮಾಮಾನಿಗೆ ಆಮೇಲೆ ಹೊಳೆಯಿತು. ಆ ಹೊತ್ತಿಗೆ ಆತ ಕೊಟ್ಟ ವಿವರಣೆ ಬೇರೆ. "ಹೊಸಬ ಅದೀನಿ, ನಿಮ್ಮ ಪ್ಲೇಯರಿಗೆ ನನ್ನ ಗುರ್ತ ಹತ್ತವಲ್ದು!"

ಮುಂದಿನ ಬಿಲ್ಲೆಯ ಸುದ್ದಿ ಕೇಳಿ ಹುಲಸೂರಿನಿಂದ ಅಕ್ಕ, ಭಾವ ಇಬ್ಬರೂ ಬಂದರು. ಅವರದೇ ಮದುವೆಯಲ್ಲವೇ? ಈ ಸಲ ಚಿತ್ರ ಬಂತು. ಧ್ವನಿಯೂ ಬಂತು. ಆದರೆ ಎರಡೂ ಬೇರೆ ಬೇರೆ ಬಸ್ಸಿಗೆ ಬಂದಂತೆ ಬಂದವು! ಬ್ಯಾಂಡಿನವರು ತುತ್ತೂರಿ ಎತ್ತುವಷ್ಟರಲ್ಲಿ ವಾದ್ಯ ಮುಗಿದಿತ್ತು. ಅಯ್ಯನವರು ಮಂತ್ರಕ್ಕೆ ಬಾಯಿ ತೆರೆದರೆ "ಸಾರಿಗೆ ಉಪ್ಪ ಕಡಿಮಿ ಆಗೇದ" ಎಂದು ಅಡುಗೆಯವನ ದನಿ ಬಂತು. ಬಾಸಿಂಗ ಕಟ್ಟಿಕೊಂಡ ಭಾವ ಏನೋ ಹೇಳಲು ಬಾಯಿ ತೆರೆದ. ನಾಯಿ ಬೊಗಳಿತು.

"ಇದೊಂದು ಬರೋಬರಿ ಅದ ಮಾಮಾ," ಎಂದಳು ಅಕ್ಕ. "ಇದನ್ನ ತಿದ್ದಬ್ಯಾಡ."

ಆಯಿ ಮಾತ್ರ ನಗಲಿಲ್ಲ. ಜನರ ನಡುವೆ ಅವ್ವನ ದನಿ ಕೇಳಿಸಿ, ಹೋಗಿ, ಎಷ್ಟೋ ಹೊತ್ತಿನ ಮೇಲೆ ಪರದೆಯ ಮೂಲೆಯಲ್ಲಿ ಅವ್ವನ ಸೆರಗೊಂದು ಹಾದುಹೋಯಿತು. "ಮಾತ ಮೊದಲ ಬಂತು, ಮಗಳು ಆಮ್ಯಾಲ ಬಂದ್ಲು. ಆಕಿ ಹಂಗ ಇದ್ದಾಕಿ ಅಲ್ಲೋ" ಎಂದಳು.

"ಧ್ವನಿ ಹಗುರ ಇರ್ತದ ಯವ್ವಾ, ಲಗೂನ ಓಡ್ತದ," ಎಂದ ಮಾಮಾ. "ಚಿತ್ರದಾಗ ಅಷ್ಟ ಮಂದಿ ಕುಂತಾರ. ಭಾರ ಆಗಿ ಹಿಂದ ಬೀಳ್ತದ."

ಹಿಂದೆ ಬಿದ್ದ ಚಿತ್ರವನ್ನು ಮುಂದೆ ಎಳೆಯಲು ಆತ ಇಂಟರ್‌ನೆಟ್ಟಿನಿಂದ ಒಂದು ಹೊಸ ಸಾಫ್ಟ್‌ವೇರ್ ಇಳಿಸಿಕೊಂಡ. ಪುಕ್ಕಟೆ! ಮುಂದಿನ ಬಿಲ್ಲೆಯಲ್ಲಿ ಮಾತು, ತುಟಿ ಎರಡೂ ಕೂಡಿಕೊಂಡೇ ಬಂದವು. ಆದರೆ ಪರದೆಯ ನಟ್ಟನಡುವೆ ಸಾಫ್ಟ್‌ವೇರ್ ಕಂಪನಿಯ ಹೆಸರು ಇಷ್ಟಗಲ ಕೂತಿತ್ತು. ಅಕ್ಷತೆಯ ಹೊತ್ತು ಬಂತು, ಮಂದಿಯೆಲ್ಲ ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದು ಕೈಯೆತ್ತಿದರು, ಟಿವಿ ಕಪ್ಪಾಯಿತು. ಪುಕ್ಕಟೆಯವರಿಗೆ ಅಲ್ಲಿಯವರೆಗೆ ಮಾತ್ರವಂತೆ. ಅವ್ವ ಸರಿಯಾಗಿ ಕಾಣಿಸಿಕೊಳ್ಳುವುದು ಅಕ್ಷತೆಯ ನಂತರ, ಊಟದ ಹೊತ್ತಿಗೆ.

"ಅಂದ್ರ ಮಾಮಾರ, ನಂದಿನ್ನೂ ಲಗ್ನ ಆಗಿಲ್ಲಂತ ತಿಳ್ಕೋಬೇಕೇನ್ರಿ?" ಎಂದು ಭಾವ ಬಹಳ ಆಸೆಯಿಂದ ಕೇಳಿದ.

"ಬಾಯಿ ಮುಚ್ಚರಿ," ಎಂದಳು ಅಕ್ಕ, "ಮತ್ತ ನಾಯಿ ಬೊಗಳೀತು."

ಆಯಿಗೆ ಬೇರೆ ಚಿಂತೆ. ಮಗನನ್ನು ಕೇಳಿದಳು: "ನಡುವ ಏನೋ ಬರದಾರಲ್ಲೋ ತಮ್ಮಾ, ಏನದು?"

"ಕಂಪನಿ ಹೆಸರು, ಯವ್ವಾ."

"ಯಾಕ? ಕಂಪನಿಯವ್ರು ಲಗ್ನಕ್ಕ ಸೀರಿ ಆಹೇರ ತಂದಿದ್ರೇನು?"

ಮಾಮಾ ಪೂರ್ತಿ ಸಾಫ್ಟ್‌ವೇರ್ ಕೊಂಡುಕೊಂಡ. ಕಂಪನಿಯ ಹೆಸರು ಹೋಯಿತು. ಆದರೆ ಪೂರ್ತಿ ಸಾಫ್ಟ್‌ವೇರಿನಲ್ಲಿ ಮೆನು ಮಾಡುವ ಸೌಲಭ್ಯವಿತ್ತು. ನಮ್ಮ ಸಂಕಟಕ್ಕೆ ಅದೇ ಮೂಲ! ಡಿವಿಡಿ ಹಾಕಿದ ಕೂಡಲೆ ಪರದೆಯ ಮೇಲೆ ಹೆಸರುಗಳು ಬರುತ್ತವೆ, ಬೇಕಾದ್ದನ್ನು ಆರಿಸಿದರೆ ಆ ಭಾಗ ಶುರುವಾಗುತ್ತದೆ. ಬೇರೆಯವರಾದರೆ ಅರಿಶಿನ, ಅಕ್ಷತೆ, ಊಟ ಎಂದು ಮೂರು ಹೆಸರು ಹಾಕಿ ಬಿಡುತ್ತಿದ್ದರು. ಮಾಮಾ ಅದನ್ನು ಲಗ್ನಪತ್ರಿಕೆ ಮಾಡಿದ. ಬಂಧುಬಳಗದ ಪ್ರತಿಯೊಬ್ಬರಿಗೂ ಒಂದೊಂದು ಹೆಸರು, ಹಿರಿತನದ ಪ್ರಕಾರ, ಪುಟದ ಮೇಲೆ ಪುಟ. ಘಾಟಬೋರಾಳದ ಕಾಕಾನ ಹೆಸರು ಆಗಿನ ಲಗ್ನಪತ್ರಿಕೆಯಲ್ಲಿ ಬಿಟ್ಟುಹೋಗಿ, ಮದುವೆಯ ಊಟವಾದ ಮೇಲೆ ಅದು ಗೊತ್ತಾಗಿ, ಆತ ಇವತ್ತಿಗೂ ನಮ್ಮ ಮನೆಯ ನೀರು ಮುಟ್ಟುವುದಿಲ್ಲ. ಆ ಮುನಿಸು ತೀರಲೆಂದು ಮಾಮಾ ಕಾಕಾನನ್ನು ಎಲ್ಲರಿಗಿಂತ ಮೊದಲು ಕೂರಿಸಿದ.

ಆಯಿ ತನ್ನ ಒಂದೇ ಗುಂಡಿ ಒತ್ತಿದಳು. ಒತ್ತಿದರೆ ಶುರುವಾಗುವುದು ಮೊದಲನೆಯ ಹೆಸರು. ಕಾಕಾ ಬುಂದಿ ತಿನ್ನುತ್ತಿದ್ದ. ಮುಗಿದ ಮೇಲೆ ಮತ್ತೆ ಮೆನು ಬಂತು. ಆಯಿ ಮತ್ತೆ ಒತ್ತಿದಳು. ಕಾಕಾ ಬುಂದಿ ತಿನ್ನುತ್ತಿದ್ದ. ಇನ್ನೊಮ್ಮೆ ಒತ್ತಿದಳು.

"ಇವಂದು ಹೊಟ್ಟಿ ಅದನೋ, ಜೋಳ ತುಂಬೋ ಹಗೇವನೋ!"

ಅವ್ವ ಎಲ್ಲಿ ಎಂದು ನಾನು ಹುಡುಕಿದೆ. ಪುಟ ತಿರುವಿದೆ, ತಿರುವಿದೆ. ಬ್ಯಾಂಡಿನವರು ಸಿಕ್ಕರು, ಪೆಂಡಾಲಿನವನು ಸಿಕ್ಕ. ಅವ್ವನ ಹೆಸರು ಎಲ್ಲರ ಕೆಳಗೆ, ಕಟ್ಟಕಡೆಯ ಪುಟದಲ್ಲಿತ್ತು.

"ಇದೇನ ಮಾಮಾ? ಯಾರಿಗಾಗಿ ಮಾಡಾಕತ್ತಿ ಇದನ್ನ? ಅವ್ವನ್ನ ಕಡೀಕ ಹಾಕೀಯಲ್ಲ!"

ಮಾಮಾನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಮನಿಯಾಕಿ ಅಲ್ಲೇನು ಅಕ್ಕ? ಬಂದವ್ರು ಉಂಡ ಮ್ಯಾಲೇ ಮನಿಯವ್ರು ಕುಂದ್ರಬೇಕು. ಮೊದಲನೇ ಪಂಕ್ತ್ಯಾಗ ಕುಂದ್ರಿಸಿದ್ರ ಆಕೀನೇ ಎದ್ದು ಹೋಗ್ತಾಳ."

ಆತ ತಮಾಷೆ ಮಾಡುತ್ತಿರಲಿಲ್ಲ. ಆಯಿ ಟಿವಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು:

"ಕಡೀ ಪಂಕ್ತ್ಯಾಗ ಉಂಡದ್ದು ಸಾಕೋ ಆಕಿ. ಈಗರೆ ಮೊದಲ ಕುಂದ್ರಸು."

ಮಾಮಾ ಅವತ್ತು ಚಹಾ ಕೂಡ ಕುಡಿಯದೆ ಹೋದ. ಮತ್ತೆ ಬಂದಾಗ ಬಿಲ್ಲೆಯ ಮೇಲೆ ಮೆನು ಇರಲಿಲ್ಲ, ಕಾಕಾ ಇರಲಿಲ್ಲ, ಬ್ಯಾಂಡು ಇರಲಿಲ್ಲ. ಆಯಿ ಗುಂಡಿ ಒತ್ತಿದ ಕೂಡಲೆ ಅವ್ವ ಬಂದಳು. ಸೆರಗು ಸೊಂಟಕ್ಕೆ ಸಿಗಿಸಿ, ಬುಂದಿಯ ಬುಟ್ಟಿ ಹಿಡಿದು, ಪಂಕ್ತಿಯ ನಡುವೆ ಬಂದಳು. "ಇನ್ನೊಂದೀಟು ಹಾಕಿಸ್ಕೋರಿ, ನಾಚಬ್ಯಾಡ್ರಿ" ಎಂದಳು. ಮಾತು ತುಟಿಯೊಡನೆಯೇ ಬಂತು.

ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಹಳೆಯ ಕ್ಯಾಸೆಟ್ಟಿನ ಚಿತ್ರ ಹೆಚ್ಚುಕಡಿಮೆ ಚೌಕ, ನಮ್ಮ ಟಿವಿ ಅಗಲ. ಚಿತ್ರವನ್ನು ಅದರ ಅಳತೆಯಲ್ಲೇ ಇಡುವುದನ್ನು ಮಾಮಾ ಮರೆತಿದ್ದ, ಅದು ಎರಡೂ ಕಡೆ ಹಿಗ್ಗಿಕೊಂಡು ಕೂತಿತ್ತು. ಈ ಕೆಲಸ ಕಲಿಯುವವರು ಮೊದಲ ದಿನ ಮಾಡುವ ತಪ್ಪು. ಪೆಂಡಾಲಿನ ಕಂಬಗಳು ಆಲದ ಮರದಷ್ಟು ದಪ್ಪವಾಗಿದ್ದವು, ಚರಿಗೆಗಳು ಹಂಡೆಗಳಾಗಿದ್ದವು. ಜೀವಮಾನವಿಡೀ ಕಡ್ಡಿಯಂತಿದ್ದ ಅವ್ವ, ತುಂಬು ಕೆನ್ನೆ ತುಂಬು ತೋಳಿನವಳಾಗಿ ಬುಂದಿ ಹಂಚುತ್ತಿದ್ದಳು.

ಮಾಮಾ ನೋಡಿದ ತಕ್ಷಣ ಎದ್ದು ನಿಂತ. ಬಿಲ್ಲೆ ಹೊರಗೆ ತೆಗೆಯಲು ಕೈ ಚಾಚಿದ. "ಥೂ, ಇದೊಂದು ಉಳೀತ ನೋಡು..."

ಆಯಿ ಆತನ ಮಾತು ಕೇಳಿಸಿಕೊಳ್ಳಲಿಲ್ಲ. ಆಕೆ ಟಿವಿಯ ಹತ್ತಿರ ಸರಿದಿದ್ದಳು. "ನೋಡ, ನೋಡ," ಎಂದಳು, "ಎಷ್ಟ ಮೈ ತುಂಬ್ಕೊಂಡಾಳ ನನ್ನ ಮಗಳು!"

ಕೊನೆಕೊನೆಗೆ ಅವ್ವನನ್ನು ಸ್ನಾನಕ್ಕೆ ಎತ್ತಿ ಕೂರಿಸುತ್ತಿದ್ದವಳು ಆಯಿಯೇ. ಎಂಬತ್ತು ದಾಟಿದ ಮುದುಕಿಯ ಕೈಗೂ ಭಾರವೆನಿಸದಷ್ಟಾಗಿದ್ದಳು ಅವ್ವ. ಬೆನ್ನು ಉಜ್ಜುವಾಗ ಆಯಿ ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ನಾನು ನೋಡಿದ್ದೇನೆ.

"ನಾ ಮರತೇಬಿಟ್ಟಿದ್ದೆ," ಎಂದಳು ಆಯಿ. "ಹಿಂಗಿದ್ಲಲ್ಲ ಆಕಿ. ಹೌದಲ್ಲೋ ತಮ್ಮಾ?"

ಮಾಮಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತಾಯಿಯ ಪಕ್ಕದಲ್ಲಿ, ನೆಲದ ಮೇಲೆ ಕೂತ.

"ಹೌದ ಯವ್ವಾ," ಎಂದ. "ಹಿಂಗೇ ಇದ್ಲು."