ಶಾಸಕರ ಬೆನ್ನ ಹಿಂದೆ ನಾನು

ಶಾಸಕರನ್ನು ಕಟ್ಟಿಕೊಂಡವಳಿಗೆ ನಗೆಪಾಟಲು ಹೊಸದೇನಲ್ಲ. ಎರಡು ದಿನ ಏನೂ ಎಡವಟ್ಟಾಗದಿದ್ದರೆ ನಮ್ಮ ಸಾಹೇಬರಿಗೆ ಹುಷಾರಿಲ್ಲವೇನೋ ಎಂದು ನಾನೇ ಹಣೆ ಮುಟ್ಟಿ ನೋಡುತ್ತೇನೆ. ಎಲ್ಲದಕ್ಕೂ ಮೂಲ ಒಂದೇ. ಅವರಿಗೆ ಯಾರ ಮುಖವೂ ನೆನಪಿರುವುದಿಲ್ಲ. ರಾಜಕೀಯಕ್ಕೆ ಇಳಿದ ಮನುಷ್ಯನಿಗೆ ಬೇರೆ ಯಾವ ಕಾಯಿಲೆ ಇದ್ದರೂ ನಡೆದೀತು, ಇದೊಂದು ಇರಬಾರದು.

ಪಕ್ಕದೂರಿನವರು

ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಬೆಳಗಾದರೆ ಅಹವಾಲು ಹಿಡಿದವರ ಸಾಲು. ಒಂದು ದಿನ ಆ ಸಾಲಿನಲ್ಲಿ ಪಕ್ಕದ ಮನೆಯ ಮೇಷ್ಟ್ರೂ ಬಂದು ಕೂತಿದ್ದರು. ನಾವು ಮನೆ ಕಟ್ಟಿದಾಗಿನಿಂದ ನೆರೆಯವರು, ನಮ್ಮ ಕರಿಬೇವು ಹೆಚ್ಚಾಗಿ ಅವರ ಸಾರಿಗೇ ಬೀಳುವುದು. ಸಾಹೇಬರು ಪ್ರೀತಿಯಿಂದ ಅವರ ಕೈ ಹಿಡಿದು, ಯಾವೂರು ಯಜಮಾನ್ರೆ ಅಂದರು.

ಮೇಷ್ಟ್ರು, "ದೂರ ಏನಿಲ್ರಿ, ನಿಮ್ ಕಾಂಪೌಂಡ್ ದಾಟಿದ್ರೆ ನಮ್ಮೂರೇ" ಅಂದರು.

"ಹಂಗಾ? ಆ ಕಡೆ ಬಂದಾಗ ನಿಮ್ಮನೇಗೂ ಬರ್ತೀನಿ ಬಿಡ್ರಿ."

ಬಿಪಿ

ಗೆದ್ದ ಮೇಲೆ ಶಾಸಕರು ನಮ್ಮನ್ನು ಮರೆತರು ಎಂಬ ಮಾತು ನಮ್ಮ ಕ್ಷೇತ್ರವಾದ ಹರಿಹರದ ತನಕ ಹಬ್ಬಿತು. ಮುಂದಿನ ಸಲ ಟಿಕೆಟ್ ಡೌಟು ಎಂದು ಪಕ್ಷದವರೇ ಅನ್ನತೊಡಗಿದರು. ಮುಖ ಮರೆತರೂ ಕೆಲಸ ಮರೆತವರಲ್ಲ ಅವರು. ಅಂದಿನಿಂದ ನಾನೇ ಅವರ ಬೆನ್ನ ಹಿಂದೆ ನಿಂತು, ಎದುರಿಗೆ ಬಂದವರ ಹೆಸರು, ಊರು ಕಿವಿಯಲ್ಲಿ ಹೇಳತೊಡಗಿದೆ. ನಾನು ಅಂದದ್ದನ್ನು ನಗುತ್ತ ಒಪ್ಪಿಸುವುದಷ್ಟೇ ಅವರ ಕೆಲಸ.

ಭಾನುವಳ್ಳಿಯ ಒಂದು ಗೃಹಪ್ರವೇಶದಲ್ಲಿ ಎಲ್ಲ ಸುಸೂತ್ರವಾಗಿ ನಡೆದಿತ್ತು. ಮಂಡಕ್ಕಿ ತಟ್ಟೆ ಬಂತು, ಇವರು ಮೂರನೇ ಮಿರ್ಚಿ ಬಜ್ಜಿಗೆ ಕೈ ಹಾಕಿದರು. ನಾನು ಕಿವಿಯಲ್ಲಿ, ಬಿಪಿ ಐತೆ, ಸಾಕು ಅಂದೆ. ಇವರು ಎದುರಿಗೆ ನಿಂತಿದ್ದ ಕಿರಾಣಿ ಅಂಗಡಿಯವನ ಹೆಗಲ ಮೇಲೆ ಕೈಯಿಟ್ಟು, "ನಿಮಗೆ ಬಿಪಿ ಐತೆ, ಸಾಕು" ಅಂದುಬಿಟ್ಟರು.

ಅವನು ತಟ್ಟೆ ಅಲ್ಲೇ ಇಟ್ಟು ಆಸ್ಪತ್ರೆಗೆ ಓಡಿದ. ತೋರಿಸಿದರೆ ನಿಜಕ್ಕೂ ಬಿಪಿ ಇತ್ತು. ಮರುದಿನ ಸೇಬಿನ ಚೀಲ ತಂದು ಸಾಹೇಬರ ಕಾಲಿಗೆ ಬಿದ್ದ. ಶಾಸಕರು ಮುಖ ನೋಡಿ ಕಾಯಿಲೆ ಹೇಳುತ್ತಾರೆಂದು ಸುದ್ದಿಯಾಯಿತು. ಆ ವಾರ ನಮ್ಮ ಮನೆಗೆ ರಸ್ತೆ, ಚರಂಡಿ ಕೇಳಿಕೊಂಡು ಬಂದವರಿಗಿಂತ ಮಂಡಿನೋವಿನವರೇ ಹೆಚ್ಚು.

ಹೆಸರು ಕೇಳಿದ ಅತಿಥಿ

ಟಿಕೆಟ್ ಯಾರಿಗೆ ಕೊಡಬೇಕೆಂದು ನೋಡಲು ಬೆಂಗಳೂರಿನಿಂದ ಪಕ್ಷದ ವೀಕ್ಷಕರು ಬಂದರು. ಹರಿಹರದಲ್ಲಿ ಸಭೆ. ಸಾಹೇಬರು ಸ್ವಾಗತಕ್ಕೆ ಮೈಕ್ ಹಿಡಿದರು, ನಾನು ಎಂದಿನಂತೆ ಅವರ ಬೆನ್ನ ಹಿಂದೆ ನಿಂತೆ. ವೇದಿಕೆಯ ಮೇಲಿದ್ದವರ ಹೆಸರುಗಳೆಲ್ಲ ಸರಾಗವಾಗಿ ಹೋದವು. ಕೊನೆಗೆ ವೀಕ್ಷಕರ ಸರದಿ. ಬರಬೇಕಿದ್ದವರು ಬರದೆ ಅವರ ಬದಲಿಗೆ ಬೇರೆಯವರು ಬಂದಿದ್ದರು, ಅವರನ್ನು ನಾನು ಕಂಡವಳೇ ಅಲ್ಲ. ಯಾರೋ ಗೊತ್ತಿಲ್ರಿ ಅಂದೆ.

"ನಮ್ಮೆಲ್ಲರ ಅಚ್ಚುಮೆಚ್ಚಿನ ನಾಯಕರಾದ ಶ್ರೀ ಯಾರೋ ಗೊತ್ತಿಲ್ರಿ ಅವರಿಗೆ ಹಾರ್ದಿಕ ಸ್ವಾಗತ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ಅಳು ಬಂತು. ಟಿಕೆಟ್ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ವೀಕ್ಷಕರೂ ನಕ್ಕು ಕಣ್ಣೊರೆಸಿಕೊಂಡು, ಇಷ್ಟು ಹೊತ್ತು ಹೆಸರು ಹೇಳಿಕೊಟ್ಟವರು ಯಾರು ಎಂದು ವಿಚಾರಿಸಿದರು. ನಮ್ಮನೆಯವರು ಎಂದು ಸಾಹೇಬರು ನನ್ನತ್ತ ಕೈ ತೋರಿಸಿದರು. ಅಮ್ಮಾರಿಗೆ ಇಡೀ ತಾಲ್ಲೂಕೇ ಗೊತ್ತೈತೆ ಎಂದು ಮುಂದಿನ ಸಾಲಿನವರು ಸೇರಿಸಿದರು. ವೀಕ್ಷಕರು ಜೇಬಿನಿಂದ ಪೆನ್ನು ತೆಗೆದರು.

"ಇವರ ಹೆಸರೇನು?"

ಸಾಹೇಬರು ಅಭ್ಯಾಸಬಲದಿಂದ ಕಿವಿಯನ್ನು ನನ್ನ ಕಡೆಗೆ ವಾಲಿಸಿದರು.

ಏನು ಮಾಡಲಿ, ನನ್ನ ಹೆಸರನ್ನು ನಾನೇ ಪಿಸುಗುಟ್ಟಿದೆ. ಇವರು ಅದನ್ನು ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿದರು. ಟಿಕೆಟ್ಟೂ ಅದೇ ಹೆಸರಿಗೆ ಬಂತು.